ಓದದೇ ಇಟ್ಟ ಹೆಸರು

ನಿಮ್ಮ ಫೋನಿನ ಡೌನ್‌ಲೋಡ್ ಫೋಲ್ಡರ್ ಒಂದ್ಸಲ ತೆಗೆದು ನೋಡ್ರಿ. ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ಬಹಳಷ್ಟು ‘ಡಾಕ್’ ಅಂತ ಶುರುವಾಗಿ, ಒಂದು ತಾರೀಖು, ಆಮೇಲೆ ‘ಡಬ್ಲ್ಯೂಎ’, ಕೊನೆಗೆ ನಾಲ್ಕು ಅಂಕಿ. ಸ್ಕ್ಯಾನ್ ಮಾಡಿದ್ದೆಲ್ಲ ‘ಸ್ಕ್ಯಾನ್ 1’, ‘ಸ್ಕ್ಯಾನ್ 2’. ಜಾಲತಾಣದಿಂದ ಇಳಿಸಿಕೊಂಡಿದ್ದಕ್ಕೆ ಒಂದು ಉದ್ದನೆಯ ಅಂಕಿಸಾಲು. ಅದನ್ನೇ ಮತ್ತೆ ಇಳಿಸಿದರೆ ಮುಂದೆ ಕಂಸದೊಳಗೆ ಒಂದು, ಎರಡು, ಮೂರು. ಒಳಗೆ ಹೊಲದ ಉತಾರ ಇರಬಹುದು, ಮಗಳ ಅಂಕಪಟ್ಟಿ ಇರಬಹುದು, ಕೋರ್ಟಿನ ತೀರ್ಪು ಇರಬಹುದು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ.

ಈ ರೋಗಕ್ಕೆ ಈಗ ಔಷಧ ಬಂದಿದೆಯಂತೆ. ಪಿಡಿಎಫ್ ಒಳಗೆ ಏನಿದೆ ಅಂತ ತಾನೇ ಓದಿ, ತಕ್ಕ ಹೆಸರು ತಾನೇ ಇಡುವ ಟೂಲುಗಳು. ಕೆಲವು ಬಿಟ್ಟಿ ಸಿಗ್ತವೆ, ಕೆಲವು ತಿಂಗಳ ಬಾಡಿಗೆ ಕೇಳ್ತವೆ, ಹೊಸವು ಕೃತಕ ಬುದ್ಧಿಮತ್ತೆ ಅನ್ನೋ ಪೇಟ ಸುತ್ತಿಕೊಂಡಿವೆ. ನೂರಾರು ಫೈಲಿನ ಫೋಲ್ಡರ್ ತೋರಿಸಿ ಗುಂಡಿ ಒತ್ತಿದರೆ, ಚಹಾ ಕುಡಿಯೋದ್ರೊಳಗೆ ಎಲ್ಲಕ್ಕೂ ನಾಮಕರಣ.

ನಾನು ಬೀಳಗಿಯವ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ಘಟಪ್ರಭಾ, ನಡುವೆ ನಮ್ಮ ತಾಲೂಕು. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದಂದಿನಿಂದ ಇಲ್ಲಿನ ಎಷ್ಟೋ ಮನೆಗಳಲ್ಲಿ ಒಂದು ಕಾಗದದ ಗಂಟು ಬೆಳೀತಾ ಬಂದಿದೆ. ಉತಾರ, ಖರೀದಿ ಪತ್ರ, ವಾಟ್ನಿ ಪತ್ರ, ಭೂಸ್ವಾಧೀನದ ನೋಟಿಸು, ಪರಿಹಾರದ ಆದೇಶ. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಅಂತ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿದ ಮೇಲೆ ಗಂಟು ಇನ್ನಷ್ಟು ದಪ್ಪ ಆಗಿದೆ. ಆ ಗಂಟುಗಳೆಲ್ಲ ಈಗ ನಿಧಾನಕ್ಕೆ ಪಿಡಿಎಫ್ ಆಗ್ತಿವೆ. ನಮ್ಮ ಮನೆಯ ಗಂಟಿನ ಪ್ರತಿ ತೆಗೆದು, ಮೂಲವನ್ನು ಬೇರೆ ಇಟ್ಟು, ಇಂಥ ಮೂರ್ನಾಲ್ಕು ಟೂಲಿಗೆ ಉಣಿಸಿ ನೋಡಿದ್ದೇನೆ. ಅದರ ಮೇಲೆ ಈ ವಿಮರ್ಶೆ. ಕಾದಂಬರಿ, ಸಿನಿಮಾ ಮಾತ್ರ ವಿಮರ್ಶೆಗೆ ಯೋಗ್ಯ ಅಂತ ಎಲ್ಲೂ ಬರೆದಿಲ್ಲವಲ್ಲ.

ಮೊದಲು ಒಳ್ಳೇದನ್ನ ಹೇಳಿಬಿಡ್ತೀನಿ. ಕರೆಂಟ್ ಬಿಲ್ಲು, ಬ್ಯಾಂಕಿನ ಸ್ಟೇಟ್‌ಮೆಂಟು, ವಿಮೆ ಕಂತಿನ ರಸೀದಿ, ಇಂಗ್ಲಿಷಿನ ಸಂಶೋಧನಾ ಲೇಖನ, ಇವುಗಳ ಮುಂದೆ ಟೂಲು ಹುಲಿ. ಬಿಲ್ಲಿನಲ್ಲಿ ತಾರೀಖು ಪ್ರತಿ ತಿಂಗಳೂ ಅದೇ ಮೂಲೆಯಲ್ಲಿ ಇರ್ತದೆ. ಸಂಶೋಧನಾ ಲೇಖನಕ್ಕೆ ಸಾಮಾನ್ಯವಾಗಿ ಒಂದು ಕಾಯಂ ಗುರುತಿನ ಸಂಖ್ಯೆ ಇರ್ತದೆ, ಅದನ್ನ ಹಿಡಿದು ಲೇಖಕ, ವರ್ಷ, ಶೀರ್ಷಿಕೆ ಮೂರನ್ನೂ ಟೂಲು ತಂದುಬಿಡ್ತದೆ. ಗಂಟೆಗಟ್ಟಲೆ ಕೆಲಸ ನಿಮಿಷದಲ್ಲಿ ಮುಗೀತದೆ. ಇದು ಸುಳ್ಳಲ್ಲ. ಹತ್ತು ವರ್ಷದ ಬಿಲ್ಲು ಒಟ್ಟಿಕೊಂಡು ಕೂತವರು ಧಾರಾಳವಾಗಿ ಬಳಸಲಿ.

ತೊಂದರೆ ಶುರುವಾಗೋದು ಕನ್ನಡ ಬಂದಾಗ, ಅದರಲ್ಲೂ ನಮ್ಮ ಕಚೇರಿಗಳ ಕನ್ನಡ ಬಂದಾಗ.

ಪಿಡಿಎಫ್ ಒಳಗೆ ಟೂಲು ನೋಡೋದು ಮುಖ್ಯವಾಗಿ ಮೂರು ಕಡೆ. ಒಂದು, ಫೈಲಿನ ಗುಣವಿವರಗಳಲ್ಲಿ ಇರೋ ‘ಶೀರ್ಷಿಕೆ’ ಅನ್ನೋ ಕಾಲಂ. ಎರಡು, ಪುಟದ ಮೇಲಿನ ಪಠ್ಯ. ಮೂರು, ಪಠ್ಯ ಇಲ್ಲದೆ ಬರೀ ಫೋಟೋ ಇದ್ದರೆ ಅದರಿಂದ ಅಕ್ಷರ ಗುರುತು ಹಿಡಿಯೋ ಓಸಿಆರ್.

ಶೀರ್ಷಿಕೆಯ ಕಾಲಂ ಯಾರೂ ತುಂಬೋದಿಲ್ಲ. ಫೈಲು ಹುಟ್ಟಿಸಿದ ತಂತ್ರಾಂಶ ತನಗೆ ತೋಚಿದ್ದು ತುಂಬಿರ್ತದೆ. ‘ಮೈಕ್ರೋಸಾಫ್ಟ್ ವರ್ಡ್ - ಡಾಕ್ಯುಮೆಂಟ್1’ ಅನ್ನೋದು ಈ ನಾಡಿನಲ್ಲಿ ಅತಿ ಹೆಚ್ಚು ಇಡಲಾದ ಹೆಸರುಗಳಲ್ಲಿ ಒಂದಿರಬೇಕು. ಇನ್ನೂ ತಮಾಷೆ ಅಂದ್ರೆ ಹಳೇ ಆದೇಶವನ್ನೇ ತೆಗೆದು ತಿದ್ದಿ ಹೊಸ ಆದೇಶ ಮಾಡೋ ರೂಢಿ. ಒಳಗಿನದ್ದೆಲ್ಲ ಬದಲಾದರೂ ಶೀರ್ಷಿಕೆಯ ಕಾಲಂನಲ್ಲಿ ಹಳೇ ಆದೇಶದ ಹೆಸರೇ ಕೂತಿರ್ತದೆ. ಟೂಲು ಅದನ್ನ ನಂಬಿ, ಈ ವರ್ಷದ ಕಾಗದಕ್ಕೆ ಎಂದೋ ಮುಗಿದ ಕಾಗದದ ಹೆಸರಿಡ್ತದೆ.

ಪಠ್ಯದ ಕತೆ ಇನ್ನೂ ವಿಚಿತ್ರ. 1993ರಲ್ಲಿ ಅಡೋಬಿ ಕಂಪನಿ ಪಿಡಿಎಫ್ ಹೊರತಂದಾಗ ಅದರ ಗುರಿ ಇದ್ದದ್ದು ಒಂದೇ: ಯಾವ ಕಂಪ್ಯೂಟರಿನಲ್ಲಿ ತೆಗೆದರೂ ಪುಟ ಒಂದೇ ಥರ ಕಾಣಬೇಕು. ಕಾಣಬೇಕು ಅಷ್ಟೇ; ಒಳಗೆ ಅಕ್ಷರ ನಿಜವಾಗಿ ಯಾವುದು ಅನ್ನೋ ಲೆಕ್ಕ ಆಮೇಲಿನದು. ನಮ್ಮಲ್ಲಿ ವರ್ಷಗಟ್ಟಲೆ ಟೈಪಿಂಗ್ ನಡೆದದ್ದು ನುಡಿ, ಬರಹಗಳ ಹಳೇ ಫಾಂಟುಗಳಲ್ಲಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಕಣ್ಣಿಗೆ ‘ಕರ್ನಾಟಕ ಸರ್ಕಾರ’ ಅಂತ ಚಂದಾಗಿ ಕಾಣ್ತದೆ. ಅದನ್ನೇ ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡ್ರಿ: ತಲೆ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ನಮ್ಮ ‘ನ’ ಅಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆಯಾಗಿ ನಿಂತಿರ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ನುಡಿ, ಬರಹ ಎರಡೂ ಯೂನಿಕೋಡಿಗೆ ಬಂದು ಎಷ್ಟೋ ವರ್ಷ ಆದವು. ಆದರೂ ಹಳೇ ಕೀಲಿಮಣೆ ಅಭ್ಯಾಸ ಬಿಟ್ಟಿಲ್ಲ.

ಹಾಗಾಗಿ ‘ಒಳಗಿನದ್ದನ್ನು ಓದಿ ಹೆಸರಿಡ್ತೀನಿ’ ಅಂತ ಬಂದ ಟೂಲು ನಮ್ಮ ಆದೇಶವೊಂದರ ಒಳಗೆ ಹೊಕ್ಕರೆ ಅದಕ್ಕೆ ಸಿಗೋದು ಈ ಜಾತ್ರೆ. ಒಂದು ಟೂಲು ಆ ಚಿಹ್ನೆಗಳನ್ನೇ ಹೆಸರಾಗಿಟ್ಟಿತು. ಇನ್ನೊಂದು, ಇದ್ಯಾವುದೋ ಯುರೋಪಿನ ಭಾಷೆ ಅಂದುಕೊಂಡು ‘ಅಜ್ಞಾತ ಭಾಷೆಯ ದಾಖಲೆ’ ಅನ್ನೋ ಅರ್ಥದ ಇಂಗ್ಲಿಷ್ ಹೆಸರಿಟ್ಟಿತು. ಹಳೇ ಫಾಂಟನ್ನು ಯೂನಿಕೋಡಿಗೆ ತಿರುಗಿಸೋ ಪರಿವರ್ತಕಗಳನ್ನ ಕನ್ನಡದ ಹುಡುಗರೇ ಎಂದೋ ಬರೆದು ಬಿಟ್ಟಿ ಕೊಟ್ಟಿದ್ದಾರೆ. ಫಾಂಟಿನ ಹೆಸರು ಪಿಡಿಎಫ್ ಒಳಗೇ ಇರ್ತದೆ. ಅದನ್ನ ನೋಡಿ ಪರಿವರ್ತಕ ಓಡಿಸೋದು ದೊಡ್ಡ ಕೆಲಸವೇನಲ್ಲ. ಟೂಲು ಮಾಡಿದವರಿಗೆ ಅದು ಬೇಕು ಅಂತ ಯಾರೂ ಹೇಳಿಲ್ಲ, ಅಷ್ಟೇ.

ಇನ್ನು ಸ್ಕ್ಯಾನು. ಕನ್ನಡದ ಓಸಿಆರ್ ಈಗ ಮೊದಲಿನ ಹಾಗಿಲ್ಲ, ಸ್ವಚ್ಛ ಅಚ್ಚು ಇದ್ದರೆ ಸಾಕಷ್ಟು ಸರಿ ಓದ್ತದೆ. ಆದರೆ ಓದಿದ ಮೇಲೆ ಯಾವುದನ್ನ ಹೆಸರು ಅಂತ ಆರಿಸಬೇಕು? ಟೂಲಿನ ನಂಬಿಕೆ ಏನಂದ್ರೆ ಮೊದಲ ಪುಟದ ಮೇಲ್ಭಾಗದಲ್ಲಿ ದೊಡ್ಡದಾಗಿ ಇದ್ದದ್ದೇ ಶೀರ್ಷಿಕೆ. ಪುಸ್ತಕಕ್ಕೆ ಇದು ಸರಿ. ನಮ್ಮ ಕಾಗದಗಳ ನೆತ್ತಿಯ ಮೇಲೆ ದೊಡ್ಡದಾಗಿ ಇರೋದು ‘ಕರ್ನಾಟಕ ಸರ್ಕಾರ’. ಪರಿಣಾಮ: ಕರ್ನಾಟಕ ಸರ್ಕಾರ, ಕರ್ನಾಟಕ ಸರ್ಕಾರ (1), ಕರ್ನಾಟಕ ಸರ್ಕಾರ (2)... ಹೀಗೆ ಇಪ್ಪತ್ತಮೂರು ಸರ್ಕಾರ ನನ್ನ ಫೋಲ್ಡರಿನಲ್ಲಿ ಅಧಿಕಾರಕ್ಕೆ ಬಂದವು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ‘ಸ್ಕ್ಯಾನ್ 1’ ಅನ್ನೋ ಹೆಸರು ಏನನ್ನೂ ಹೇಳೋದಿಲ್ಲ, ಹಾಗಾಗಿ ತೆಗೆದು ನೋಡ್ತೀವಿ. ಹೆದರಿಕೆ ಇರೋದು ಸರಿ ಅನ್ನಿಸೋ ಹಾಗೆ ಕಾಣೋ ತಪ್ಪು ಹೆಸರಿನಿಂದ.

ನಮ್ಮ ಹೊಲಗಳಿಗೆ ಇರೋ ನಂಬರು ನೋಡ್ರಿ. ಸರ್ವೆ ನಂಬರ್ 45, ಅದರ ಎರಡನೇ ಹಿಸ್ಸಾ ಅಂದ್ರೆ 45/2. ಭೂಮಿ ತಂತ್ರಾಂಶದ ಪಹಣಿಯಲ್ಲಿ, ಅಂದ್ರೆ ನಾವು ಉತಾರ ಅನ್ನೋದರಲ್ಲಿ, ನಡುವೆ ಒಂದು ನಕ್ಷತ್ರ ಸೇರಿಸಿ 45/*/2 ಅಂತಲೂ ಬರ್ತದೆ. ಈಗ ಕಂಪ್ಯೂಟರಿನ ಕಾನೂನು ಕೇಳ್ರಿ. ವಿಂಡೋಸಿನಲ್ಲಿ ಫೈಲಿನ ಹೆಸರೊಳಗೆ ಓರೆಗೆರೆ ಇರುವಂತಿಲ್ಲ, ನಕ್ಷತ್ರವೂ ಇರುವಂತಿಲ್ಲ. ಓರೆಗೆರೆ ಅಂದ್ರೆ ಅದರ ಭಾಷೆಯಲ್ಲಿ ಒಂದು ಫೋಲ್ಡರ್ ಮುಗಿದು ಮುಂದಿನದು ಶುರು ಅಂತ. ಹಾಗಾಗಿ ಟೂಲು ಹೆಸರಿಡೋ ಮೊದಲು ‘ಕೆಟ್ಟ’ ಚಿಹ್ನೆಗಳನ್ನೆಲ್ಲ ತೊಳೀತದೆ. ಕೆಲವು ಅಡಿಗೆರೆ ಹಾಕ್ತವೆ, ಪರವಾಗಿಲ್ಲ. ಕೆಲವು ಸುಮ್ಮನೆ ಅಳಿಸಿಬಿಡ್ತವೆ. 45/2 ಅನ್ನೋದು 452 ಆಯ್ತು. ದೊಡ್ಡ ಊರಾದರೆ 452 ಅನ್ನೋ ಸರ್ವೆ ನಂಬರೂ ಇರ್ತದೆ, ಅದು ಇನ್ಯಾರದೋ ಹೊಲ. ಇನ್ನೂ ಮುಂದೆ ಹೋಗ್ರಿ: 45/12 ಕೂಡ 4512 ಆಗ್ತದೆ, 451/2 ಕೂಡ 4512 ಆಗ್ತದೆ. ಎರಡು ಹೊಲಕ್ಕೆ ಒಂದೇ ಹೆಸರು. ಟೂಲು ಒಂದರ ಮುಂದೆ ಕಂಸದಲ್ಲಿ 1 ಬರೀತದೆ. ಮುಂದೊಂದು ದಿನ ಮನೆಯ ಹುಡುಗ ಯಾರೋ, ಇದು ಅದರದೇ ಎರಡನೇ ಪ್ರತಿ ಅಂದುಕೊಂಡು ಅಳಿಸ್ತಾನೆ.

ಒಂದು ಓರೆಗೆರೆಗೆ ನಮ್ಮ ಕಡೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಓಡಾಡ್ತಾರೆ. ಆ ಗೆರೆಯನ್ನ ಟೂಲು ಕಸ ಅಂತ ಗುಡಿಸ್ತದೆ.

ಊರಿನ ಹೆಸರಿನಲ್ಲೂ ಇದೇ ಗೋಳು. ರೋಮನ್ ಲಿಪಿಯಲ್ಲಿ ನಮ್ಮ ಬೀಳಗಿ ಹೇಗೆ ಬರೀತೀರೋ, ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಬಿಳಗಿಯನ್ನೂ ಹಾಗೇ ಬರೀತಾರೆ. ಅದು ರತ್ನತ್ರಯ ಬಸದಿ ಇರೋ, ಅರಸರು ಆಳಿದ ಮಲೆನಾಡಿನ ಊರು. ಇದು ಕೃಷ್ಣೆಯ ಬಯಲಿನ ಊರು. ಕನ್ನಡದಲ್ಲಿ ಒಂದು ದೀರ್ಘ ಎರಡನ್ನೂ ಬೇರೆ ಮಾಡ್ತದೆ. ಟೂಲು ಹೆಸರನ್ನ ಇಂಗ್ಲಿಷಿಗೆ ತಿರುಗಿಸಿದ ತಕ್ಷಣ ಆ ದೀರ್ಘ ಹೋಯ್ತು. ಜಿಲ್ಲೆ ನೋಡಿ ತಿಳ್ಕೊಳ್ಳಲಿ ಅಂತೀರಾ? ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ನಮ್ಮ ಕಾಗದಗಳ ಮೇಲೆ ‘ತಾ: ಬೀಳಗಿ, ಜಿ: ವಿಜಾಪುರ’ ಅಂತಿದೆ. ಆ ವಿಜಾಪುರವೂ 2014ರಲ್ಲಿ ಅಧಿಕೃತವಾಗಿ ವಿಜಯಪುರ ಆಯ್ತು. ಒಂದೇ ಹೊಲದ ಕಾಗದಗಳು ಹೀಗೆ ಎರಡು ಜಿಲ್ಲೆಯ ಫೋಲ್ಡರಿಗೆ ಹಂಚಿ ಹೋಗ್ತವೆ. ಮುಳುಗಡೆ ಊರಿನದಂತೂ ಕೇಳಬ್ಯಾಡ್ರಿ. ನೀರಿನ ಕೆಳಗಿರೋ ಹಳೇ ಊರಿಗೂ, ದಿನ್ನೆ ಮೇಲಿನ ಪುನರ್ವಸತಿ ಕೇಂದ್ರಕ್ಕೂ ಒಂದೇ ಹೆಸರು. ಹೊಲದ ಕಾಗದ ಹಳೇ ಊರಿನದು, ಮನೆ ನಿವೇಶನದ ಹಕ್ಕುಪತ್ರ ಹೊಸ ಊರಿನದು. ಟೂಲಿಗೆ ಎರಡೂ ಒಂದೇ ಊರು.

ಮನುಷ್ಯರ ಹೆಸರೂ ಹಾಗೇ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಯಲ್ಲಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ಮತ್ತೆ ಯಲ್ಲಪ್ಪ. ಅಡ್ಡಹೆಸರು ಒಂದೇ. ವರ್ಷ ಬರೆಯದೇ ಇದ್ದರೆ ಅಜ್ಜನ ಖರೀದಿ ಪತ್ರ ಯಾವುದು, ಮೊಮ್ಮಗನ ಸಾಲದ ಕಾಗದ ಯಾವುದು ಅಂತ ಹೆಸರು ನೋಡಿ ಹೇಳೋಕೆ ಬರೋದಿಲ್ಲ.

ಇನ್ನೊಂದು ಸಣ್ಣ ಸಂಗತಿ, ಆದರೆ ಕನ್ನಡದವರಿಗೇ ಬಡಿಯುವಂಥದ್ದು. ಲಿನಕ್ಸಿನಲ್ಲೂ ಹೆಚ್ಚಿನ ಆ್ಯಂಡ್ರಾಯ್ಡ್ ಫೋನುಗಳಲ್ಲೂ ಫೈಲಿನ ಹೆಸರು 255 ಬೈಟು ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಚಿಹ್ನೆಗೆ ಮೂರು. ‘ಸ್ತ್ರೀ’ ಅಂತ ನಾವು ಒಂದೇ ಉಸಿರಿನಲ್ಲಿ ಹೇಳೋ ಅಕ್ಷರಕ್ಕೆ ಆರು ಚಿಹ್ನೆ, ಹದಿನೆಂಟು ಬೈಟು. ಅಂದ್ರೆ ಕನ್ನಡದ ಹೆಸರಿಗೆ ಸಿಗೋದು 85 ಚಿಹ್ನೆ. ನಮ್ಮ ಕಚೇರಿ ಭಾಷೆಯ ವಿಷಯದ ಸಾಲು ಗೊತ್ತಲ್ಲ, ಜಿಲ್ಲೆಯಿಂದ ಶುರುವಾಗಿ, ತಾಲೂಕು, ಹೋಬಳಿ, ಗ್ರಾಮ ದಾಟಿ, ಸರ್ವೆ ನಂಬರಿಗೆ ಬಂದು, ಕೊನೆಗೆ ‘ಪರಿಹಾರ ಮಂಜೂರಾತಿ ಕುರಿತು’ ಅಂತ ಮುಗೀತದೆ. ಮುಖ್ಯವಾದದ್ದು ಕೊನೆಗೆ ಬರೋದು ನಮ್ಮ ಭಾಷೆಯ ಜಾಯಮಾನ. ಟೂಲು ಕತ್ತರಿಸೋದು ಕೊನೆಯಿಂದ. ಉಳಿಯೋದು ಜಿಲ್ಲೆ, ತಾಲೂಕು, ಹೋಗೋದು ಪರಿಹಾರ.

ಇದೆಲ್ಲ ತಾಂತ್ರಿಕ ದೋಷ, ನಾಳೆ ಸರಿಹೋಗ್ತದೆ ಅಂತ ನೀವು ಅನ್ನಬಹುದು. ಬಹಳಷ್ಟು ಸರಿಹೋಗಬಹುದು. ನನ್ನ ಮುಖ್ಯ ತಕರಾರು ಬೇರೆ. ‘ಒಳಗೆ ಏನಿದೆ’ ಅನ್ನೋದರಿಂದ ಮಾತ್ರ ಹೆಸರು ಹುಟ್ಟೋದಿಲ್ಲ. ‘ಯಾಕೆ ಬೇಕು’ ಅನ್ನೋದೂ ಸೇರಬೇಕು.

ಪಕ್ಕದ ಮುಧೋಳಕ್ಕೆ ಹೋಗೋಣ. ಅಲ್ಲಿನ ಬಳೆಗಾರರ ಮನೆಯ ರನ್ನ ಬರೆದ ಕಾವ್ಯಕ್ಕೆ ಎರಡು ಹೆಸರು. ‘ಸಾಹಸಭೀಮವಿಜಯ’ ಅನ್ನೋದರಲ್ಲಿ ಆಶ್ರಯ ಕೊಟ್ಟ ದೊರೆ ಸತ್ಯಾಶ್ರಯನ ಬಿರುದಿದೆ. ‘ಗದಾಯುದ್ಧ’ ಅನ್ನೋದರಲ್ಲಿ ಕಾವ್ಯದ ವಸ್ತುವಿದೆ. ಓದುಗರು ಎರಡನೆಯದನ್ನ ಉಳಿಸಿಕೊಂಡರು. ಪಂಪ ಇಟ್ಟ ಹೆಸರು ‘ವಿಕ್ರಮಾರ್ಜುನ ವಿಜಯ’, ನಾವು ಕರೆಯೋದು ಪಂಪಭಾರತ. ಕುಮಾರವ್ಯಾಸನದು ‘ಕರ್ಣಾಟ ಭಾರತ ಕಥಾಮಂಜರಿ’, ನಮ್ಮ ಬಾಯಲ್ಲಿ ಗದುಗಿನ ಭಾರತ. ಒಂದಕ್ಕೆ ವಸ್ತುವಿನ ಹೆಸರು, ಒಂದಕ್ಕೆ ಕವಿಯ ಹೆಸರು, ಒಂದಕ್ಕೆ ಊರಿನ ಹೆಸರು. ಯಾವ ಗುರುತಿನಿಂದ ಬೇರೆಯದರ ಜೊತೆ ಗೊಂದಲ ಆಗೋದಿಲ್ಲವೋ ಆ ಗುರುತನ್ನ ಜನ ಹಿಡಿದರು. ಒಳಗಿನದ್ದನ್ನು ಮಾತ್ರ ನೋಡೋ ಟೂಲಿಗೆ ಈ ಮೂರನ್ನೂ ಕೊಡ್ರಿ: ಮಹಾಭಾರತ, ಮಹಾಭಾರತ (1), ಮಹಾಭಾರತ (2) ಅಂತ ಇಟ್ಟು ಕೈ ತೊಳ್ಕೊಳ್ತದೆ. ಅದು ಹೇಳಿದ್ದು ತಪ್ಪಲ್ಲ. ಉಪಯೋಗಕ್ಕಂತೂ ಬರೋದಿಲ್ಲ.

ಓದದೇ ಹೆಸರಿಟ್ಟರೆ ಏನಾಗ್ತದೆ ಅನ್ನೋದಕ್ಕೆ ದೊಡ್ಡ ಉದಾಹರಣೆಯೂ ನಮ್ಮ ಕಣ್ಣ ಮುಂದೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಕನ್ನಡದ ಸಾವಿರಾರು ಹಳೇ ಪುಸ್ತಕಗಳನ್ನ ಸ್ಕ್ಯಾನ್ ಮಾಡಿತು. ಮಾಡಿದ್ದು ಪುಣ್ಯದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆ ಪುಸ್ತಕಗಳು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗ್ತವೆ, ಒಂದು ಉದ್ದ ಸಂಖ್ಯೆ, ಅದರ ಹಿಂದೆ ರೋಮನ್ ಲಿಪಿಯ ಹೆಸರು. ಆ ಲಿಪಿಯಲ್ಲಿ ನಮ್ಮ ಲ, ಳ ಒಂದೇ. ನ, ಣ ಒಂದೇ. ಹ್ರಸ್ವ, ದೀರ್ಘ ಅವರವರ ಭಾವಕ್ಕೆ. ಪುಸ್ತಕ ಇದೆ, ಪೂರ್ತಿ ಇದೆ, ಬಿಟ್ಟಿಯಾಗಿ ಇದೆ. ಕನ್ನಡದಲ್ಲಿ ಹೆಸರು ಹೊಡೆದು ಹುಡುಕಿದವನಿಗೆ ಇಲ್ಲ. ಆಮೇಲೆ ಕನ್ನಡದ ಆಸಕ್ತರು ಕೂತು, ಒಂದೊಂದೇ ಪುಸ್ತಕ ತೆಗೆದು, ಮುಖಪುಟ ಓದಿ ಕನ್ನಡದಲ್ಲಿ ಹೆಸರು ಸೇರಿಸಿದ ಮೇಲೇ ಎಷ್ಟೋ ಪುಸ್ತಕ ಓದುಗರ ಕೈಗೆ ಸಿಕ್ಕವು.

ಪುಸ್ತಕ ಇವತ್ತು ಸಿಗದಿದ್ದರೆ ನಾಳೆ ಓದಬಹುದು. ಹೊಲದ ಕಾಗದಕ್ಕೆ ಗಡುವು ಇರ್ತದೆ. 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ 28-ಎ ಅನ್ನೋ ಕಲಂ ಸೇರಿಸಿದರು. ನಿಮ್ಮ ಪಕ್ಕದ ಹೊಲದವ ಕೋರ್ಟಿಗೆ ಹೋಗಿ ಹೆಚ್ಚಿನ ಪರಿಹಾರ ಗೆದ್ದ ಅಂತಿಟ್ಟುಕೊಳ್ರಿ. ಅದೇ 4(1) ಅಧಿಸೂಚನೆಯಲ್ಲಿ ಭೂಮಿ ಕಳಕೊಂಡು, ಕೋರ್ಟಿಗೆ ಹೋಗಲಾಗದೆ ಸುಮ್ಮನಿದ್ದ ನೀವೂ ಅದೇ ದರ ಕೇಳಿ ಅರ್ಜಿ ಹಾಕಬಹುದು. ಆದರೆ ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ. 2013ರ ಹೊಸ ಕಾಯ್ದೆಯಲ್ಲೂ 73ನೇ ಕಲಮಿನಲ್ಲಿ ಇಂಥದ್ದೇ ಅವಕಾಶ ಇದೆ. ಬಡವನಿಗೆ ಅಂತಲೇ ಮಾಡಿದ ಕಲಂ ಇದು. ಆ ಮೂರು ತಿಂಗಳಲ್ಲಿ ಅವನಿಗೆ ಬೇಕಾಗೋದು ಒಂದೇ ಉತ್ತರ: ನನ್ನ ಹೊಲ ಯಾವ ತಾರೀಖಿನ ಅಧಿಸೂಚನೆಯಲ್ಲಿ ಹೋಗಿದ್ದು? ಆ ತಾರೀಖು ಕಾಗದದ ನೆತ್ತಿಯ ಮೇಲೆ ಇರೋದಿಲ್ಲ, ನಡುವಿನ ಯಾವುದೋ ಪ್ಯಾರಾದಲ್ಲಿ, ‘ಉಲ್ಲೇಖ’ದ ಮೂರನೇ ಸಾಲಿನಲ್ಲಿ ಇರ್ತದೆ. ‘ಕರ್ನಾಟಕ ಸರ್ಕಾರ (17)’ ಅನ್ನೋ ಹೆಸರು ಅದನ್ನ ಹೇಳೋದಿಲ್ಲ. ಕಾಗದ ಬರೆದವರಿಗೆ ಮುಖ್ಯವಾದದ್ದು ಒಂದು, ಕಾಗದ ಬೇಕಾದವನಿಗೆ ಮುಖ್ಯವಾದದ್ದು ಇನ್ನೊಂದು.

ಹಾಗಾದ್ರೆ ಟೂಲು ಬ್ಯಾಡವೇ? ಬೇಕು, ಆದರೆ ಅದರ ಜಾಗದಲ್ಲಿ ಇರಲಿ. ಹೆಸರು ಸೂಚಿಸಲಿ, ತಾನೇ ಬದಲಿಸಬಾರದು. ಬದಲಿಸಿದರೂ ಹಳೇ ಹೆಸರು, ಹೊಸ ಹೆಸರು ಎರಡೂ ಇರೋ ಒಂದು ಪಟ್ಟಿ ಉಳಿಸಬೇಕು, ಹಿಂದಕ್ಕೆ ಹೋಗೋ ದಾರಿ ಇರಬೇಕು. ನಾನು ನೋಡಿದವುಗಳಲ್ಲಿ ಹಿಂದಕ್ಕೆ ಹೋಗೋ ದಾರಿ ಇದ್ದದ್ದು ಒಂದಕ್ಕೆ ಮಾತ್ರ. ಇನ್ನೊಂದು ಮಾತು: ಆನ್‌ಲೈನ್ ಟೂಲಿಗೆ ಫೈಲು ಕೊಟ್ಟಿರಿ ಅಂದ್ರೆ ನಿಮ್ಮ ಹೊಲ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಇರೋ ಕಾಗದವನ್ನ ಬೇರೆಯವರ ಕಂಪ್ಯೂಟರಿಗೆ ಕಳಿಸಿದಿರಿ ಅಂತಲೇ ಅರ್ಥ. ನಿಮ್ಮ ಯಂತ್ರದಲ್ಲೇ ಓಡುವಂಥದ್ದು ಹುಡುಕ್ರಿ.

ಕಚೇರಿಗಳಿಂದ ಕೇಳಬೇಕಾದದ್ದೂ ಇದೆ, ಅದು ಖರ್ಚಿನ ಬಾಬ್ತಲ್ಲ. ಆದೇಶ ಯೂನಿಕೋಡಿನಲ್ಲಿ ಇರಲಿ. ಟೈಪು ಮಾಡಿದ ಆದೇಶವನ್ನ ಮುದ್ರಿಸಿ, ಸಹಿ ಹಾಕಿ, ಮತ್ತೆ ಫೋಟೋ ತೆಗೆದು ಪಿಡಿಎಫ್ ಮಾಡೋ ಬದಲು ಡಿಜಿಟಲ್ ಸಹಿ ಹಾಕಲಿ. ಶೀರ್ಷಿಕೆಯ ಕಾಲಂ ತುಂಬಲಿ. ಇಷ್ಟಾದರೆ ಈ ಟೂಲುಗಳ ಅರ್ಧ ಕೆಲಸ ಬೇಕಾಗೋದೇ ಇಲ್ಲ.

ಮನೆಯ ಮಟ್ಟಿಗೆ ನಾನು ಪಾಲಿಸೋ ಪದ್ಧತಿ ಸರಳ. ಮೊದಲು ವರ್ಷ, ತಿಂಗಳು, ದಿನ, ಇದೇ ಕ್ರಮದಲ್ಲಿ, ಕಾಗದದ ಮೇಲಿನ ತಾರೀಖು. ಆಗ ಫೈಲುಗಳು ತಾವೇ ಕಾಲಕ್ರಮದಲ್ಲಿ ಕೂರ್ತವೆ. ಆಮೇಲೆ ಊರು, ಹಳೇದೋ ಹೊಸದೋ ಸೇರಿಸಿ. ಆಮೇಲೆ ಸರ್ವೆ ನಂಬರು, ಓರೆಗೆರೆಯ ಜಾಗದಲ್ಲಿ ಅಡ್ಡಗೆರೆ: 45-2. ಆಮೇಲೆ ಕಾಗದದ ಜಾತಿ: ಉತಾರ, ಖರೀದಿ, ವಾಟ್ನಿ, ನೋಟಿಸು. ಕೊನೆಗೆ ಯಾರದು. ಭೂಸ್ವಾಧೀನದ್ದಾದರೆ ಅಧಿಸೂಚನೆಯ ತಾರೀಖೂ ಸೇರಿಸಿ. ಎಲ್ಲ ಕನ್ನಡದಲ್ಲಿ. 85 ಚಿಹ್ನೆ ಇದಕ್ಕೆ ಸಾಕು.

ಇದಕ್ಕೆ ಪ್ರತಿ ಕಾಗದ ತೆಗೆದು ಓದಬೇಕಾಗ್ತದೆ, ಹೌದು. ಟೂಲು ಉಳಿಸ್ತೀನಿ ಅಂದದ್ದು ಆ ಓದನ್ನೇ. ಆದರೆ ಎಷ್ಟೋ ಮನೆಗಳಲ್ಲಿ ಆ ಗಂಟನ್ನ ಪೂರ್ತಿ ಓದಿದವರು ಒಬ್ಬರೂ ಇಲ್ಲ. ಹಿರಿಯರಿಗೆ ಓದಲು ಬರ್ತಿರಲಿಲ್ಲ, ಕಿರಿಯರು ಬೆಂಗಳೂರು, ಪುಣೆಯಲ್ಲಿ. ಹೆಸರಿಡೋ ನೆಪದಲ್ಲಾದರೂ ಒಬ್ಬರು ಕೂತು ಓದಿದರೆ, ನಮ್ಮ ಹೊಲ ಎಷ್ಟು, ಯಾವಾಗ ಹೋಯ್ತು, ಯಾವ ಹಣ ಬಂತು, ಯಾವುದು ಬರಬೇಕಿದೆ ಅನ್ನೋದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರ್ತದೆ. ಹಿರಿಯರು ಇನ್ನೂ ಪಕ್ಕದಲ್ಲಿದ್ದರೆ ಅವರನ್ನ ಕೂರಿಸಿಕೊಂಡೇ ಓದ್ರಿ. ಕಾಗದದಲ್ಲಿ ಇಲ್ಲದ ಎಷ್ಟೋ ಸಂಗತಿ ಅವರ ನೆನಪಿನಲ್ಲಿ ಇರ್ತದೆ. ಎಲ್ಲ ಒಂದೇ ದಿನ ಆಗೋದಿಲ್ಲ. ಇವತ್ತು ಹತ್ತು ಫೈಲು ಸಾಕು. ಉತಾರದಿಂದ ಶುರು ಮಾಡ್ರಿ.